ಬಿಳಿ ಕೋಲು, ನೀಲಿ ಕೋಲು

ಬಯುವೊನಿಗೆ ಅಕೊಲ್ಗೊನ ಸೊಪ್ಪು ಕಂಡರೆ ಆಗುತ್ತಿರಲಿಲ್ಲ. ಅಕೊಲ್ಗೊನನ್ನು ಕಂಡರೆ ಆಗುತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಮನುಷ್ಯನೇ ಬೇಡವಾದರೆ ಬೈದು ಬೆನ್ನು ತಿರುಗಿಸಬಹುದು. ಇವನ ಜೊತೆ ದಿನಾ ಬೆಳಗ್ಗೆ ನಗುನಗುತ್ತಾ ಗಂಜಿ ಕುಡಿಯಬೇಕು, ಕುಡಿದು ಎದ್ದವನೇ ಅವನ ಮಡಿಗಳ ಹಸಿರು ನೋಡಿ ಹೊಟ್ಟೆ ಉರಿಸಿಕೊಳ್ಳಬೇಕು.

ಅಕ್ರಾದಲ್ಲಿ ಹೈಟೆನ್ಷನ್ ತಂತಿಗಳ ಕೆಳಗೆ ಮನೆ ಕಟ್ಟಲು ಅಪ್ಪಣೆ ಇಲ್ಲ. ಸೊಪ್ಪು ಬೆಳೆಯಬೇಡಿ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ಉತ್ತರದ ನಂದೋಮ್ ಕಡೆಯಿಂದ ಬಸ್ಸಿಳಿದ ಬಯುವೊ ಆ ಜಾಗ ಕಂಡು, ಪಕ್ಕದ ದೊಡ್ಡ ಮೋರಿಯಿಂದ ಕಾಲುವೆ ಎಳೆದು ಒಂದು ಹೊಂಡ ತೋಡಿ ಲೆಟ್ಯೂಸ್ ಹಾಕಿದ. ಈ ಊರಿನ ಜನ ಬೇಯಿಸದೆ ಎಲೆ ತಿನ್ನುತ್ತಾರೆಂದು ನಂಬಲು ಅವನಿಗೇ ಒಂದು ವರ್ಷ ಹಿಡಿಯಿತು. ಈಗ ಅವನಿಗೆ ಐವತ್ತೆಂಟು. ಎರಡು ಕೈಗೂ ಒಂದೊಂದು ಕ್ಯಾನು ಹಿಡಿದು ದಿನಕ್ಕೆ ನೂರು ಸಲ ಹೊಂಡ ಇಳಿದು ಹತ್ತಿ ಭುಜಗಳು ಜೋತುಬಿದ್ದಿದ್ದವು. ಊರಿಗೆ ಊರೇ ಕುಡಿದು ಬಿಸಾಡಿದ ನೀರಿನ ಪ್ಯಾಕೆಟ್ಟುಗಳು ಹೊಂಡದ ತುಂಬ ತೇಲುತ್ತಿದ್ದವು. ಅವನ್ನು ಕ್ಯಾನಿನ ತಳದಿಂದ ಆಚೆ ತಳ್ಳಿ ನೀರು ತುಂಬುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ಅಕೊಲ್ಗೊ ಬಂದದ್ದು ಹನ್ನೆರಡು ವರ್ಷದ ಹಿಂದೆ, ಬೊಲ್ಗಾ ಕಡೆಯಿಂದ. ಆಗ ಅವನಿಗೆ ಒಂದು ಮಡಿ ನೆಟ್ಟಗೆ ಕಟ್ಟಲು ಬರುತ್ತಿರಲಿಲ್ಲ. ಜಾಗ ತೋರಿಸಿದವನು ಬಯುವೊ, ಗುದ್ದಲಿ ಕೊಟ್ಟವನು ಬಯುವೊ, ಸಸಿ ಕೀಳುವಾಗ ಬೇರಿಗೆ ಮಣ್ಣು ಅಂಟಿಸಿಯೇ ಕೀಳಬೇಕೆಂದು ಕಲಿಸಿದವನೂ ಬಯುವೊ. ಅವನು ದಗಾಬ, ಅಕೊಲ್ಗೊ ಫ್ರಾಫ್ರಾ. ಈ ಎರಡು ಕುಲಗಳಿಗೆ ಅಜ್ಜಂದಿರ ಕಾಲದಿಂದ ಗೇಲಿಯ ನಂಟು. ಯಾವುದೋ ಹಳೆಯ ಔತಣದಲ್ಲಿ ನಾಯಿಯ ತಲೆ ಯಾರು ಕದ್ದು ತಿಂದರು ಎಂಬ ಜಗಳ ಇನ್ನೂ ಮುಗಿದಿಲ್ಲ. ಒಬ್ಬರನ್ನೊಬ್ಬರು 'ಗುಲಾಮ' ಎಂದೇ ಕರೆಯಬೇಕು, ಏನು ಬೈದರೂ ನಗಬೇಕು, ಸಿಟ್ಟು ಬಂದವನು ಸೋತ. ವಯಸ್ಸಿನ ಲೆಕ್ಕ ಇಲ್ಲ. ಹನ್ನೆರಡು ವರ್ಷದಲ್ಲಿ ಇವರಿಬ್ಬರು ಒಬ್ಬರ ಹೆಸರನ್ನು ಇನ್ನೊಬ್ಬರು ಹಿಡಿದು ಕರೆದದ್ದೇ ಇರಲಿಲ್ಲ.

ಬಯುವೊನ ಹೆಂಡತಿಯನ್ನು ಮಣ್ಣು ಮಾಡುವ ದಿನ ಅಕೊಲ್ಗೊ ಶವದ ಪೆಟ್ಟಿಗೆಗೆ ಅಡ್ಡ ಮಲಗಿಬಿಟ್ಟಿದ್ದ. "ನಾಯಿ ತಲೆ ಕೊಡೋವರೆಗೂ ನನ್ನ ಗುಲಾಮನ ಹೆಂಡ್ತಿ ಈ ಮನೆ ಬಿಟ್ಟು ಹೋಗಂಗಿಲ್ಲ! ಏಳ್ರೋ, ಮೊದಲು ತಲೆ ತನ್ನಿ!" ಎಂದು ಕೈಕಾಲು ಬಡಿದುಕೊಂಡ. ಮೂರು ದಿನದಿಂದ ಬಾಯಿ ಬಿಡದೆ ಕೂತಿದ್ದ ಬಯುವೊ ಕಣ್ಣೀರಿನ ಮಧ್ಯೆ ಪಕ್ಕನೆ ನಕ್ಕಿದ್ದ. ಆ ನಗು ಬಾರದಿದ್ದರೆ ತಾನೂ ಅವಳ ಹಿಂದೆ ಹೋಗಿಬಿಡುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ಅನಿಸಿತ್ತು.

ಇಂಥವನ ಮೇಲೆ ಹೊಟ್ಟೆಕಿಚ್ಚೇ? ಹೌದು, ಅದೂ ಸಣ್ಣದಲ್ಲ. ಕಾರಣ ಕೊಶಿಯಕ್ಕ.

ಕೊಶಿಯಕ್ಕ ಊರಿನ ದೊಡ್ಡ ಸೊಪ್ಪಿನ ವ್ಯಾಪಾರಿ, ಅಕ್ರಾದ ಮೂಲದವರಾದ ಗಾ ಜನದ ಹೆಂಗಸು, ಮಾತಿಗೆ ನಿಂತರೆ ಮೂರು ಬೀದಿಗೆ ಕೇಳಬೇಕು. ಅಲ್ಲಿ ಸೊಪ್ಪನ್ನು ಕಿತ್ತು ಮಾರುವುದಿಲ್ಲ, ಮಡಿಯನ್ನೇ ಮಾರುತ್ತಾರೆ. ಎಲೆ ಅಂಗೈಯಷ್ಟಾದಾಗ ವ್ಯಾಪಾರಿ ಬಂದು ಕೋಲು ನೆಟ್ಟು ಬಟ್ಟೆಯ ಚೂರು ಕಟ್ಟಿ ಹೋದರೆ ಆ ಮಡಿ ಅವಳದು. ಬಿಳಿ ಬಟ್ಟೆ ಕಟ್ಟಿದ್ದು ಹೋಟೆಲಿಗೆ, ನೀಲಿ ಕಟ್ಟಿದ್ದು ಹಂದಿ ಸಾಕುವವರಿಗೆ. ಇನ್ನೊಬ್ಬರ ಕೋಲು ಯಾರೂ ಮುಟ್ಟುವಂತಿಲ್ಲ. ಇಪ್ಪತ್ತು ವರ್ಷ ಕೊಶಿಯಕ್ಕನ ಮೊದಲ ಬಿಳಿ ಬಟ್ಟೆ ಬಯುವೊನ ಮಡಿಗೇ. ಈಗ ಎರಡು ವರ್ಷದಿಂದ ಅವಳು ಅವನ ಮಡಿಗಳ ಪಕ್ಕದಲ್ಲೇ ಸೀರೆಯಂಥ ಉಡುಗೆ ಎತ್ತಿ ಹಿಡಿದು ದಾಟಿ ಅಕೊಲ್ಗೊನ ಕಡೆ ಹೋಗುತ್ತಿದ್ದಳು. "ನಿನ್ನ ಎಲೆ ಯಾಕೋ ಬಿಳಿಚ್ಕೊಂಡಿದೆ ಬಯುವೊ. ಮುಂದಿನ ಸಲ ನೋಡೋಣ," ಎನ್ನುತ್ತಿದ್ದಳು. ಆ 'ಮುಂದಿನ ಸಲ' ಬಂದಿರಲಿಲ್ಲ.

ಅವಳು ಹೇಳಿದ್ದು ಸುಳ್ಳೂ ಅಲ್ಲ. ಅವನ ಸೊಪ್ಪು ಎರಡು ವರ್ಷದಿಂದ ಮೇಲೇಳುತ್ತಿರಲಿಲ್ಲ, ನರಗಳ ನಡುವೆ ಹಳದಿ ತಿರುಗುತ್ತಿತ್ತು. ಬಯುವೊನಿಗೆ ಇದು ಅರ್ಥವೇ ಆಗಲಿಲ್ಲ. ಏಕೆಂದರೆ ಗೊಬ್ಬರ ಇದ್ದದ್ದು ತನ್ನ ಹತ್ತಿರ! ಊರಾಚೆಯ ಕಸದ ಗುಡ್ಡೆಯಲ್ಲಿ ಕೊಳೆತ ಕಪ್ಪು ಮಣ್ಣನ್ನು ಅವನ ಊರಿನ ಲಾರಿ ಚಾಲಕನೊಬ್ಬ ಆರು ವರ್ಷದಿಂದ ತಂದು ಸುರಿಯುತ್ತಿದ್ದ. ಮೊದಲ ಲಾರಿ ಬಂದ ದಿನವೇ ಅಕೊಲ್ಗೊ ಬುಟ್ಟಿ ಹಿಡಿದು ಬಂದಿದ್ದ. "ಲೋ ಗುಲಾಮ, ನಂಗೂ ಎರಡು ಬುಟ್ಟಿ ಹಾಕೋ."

"ರಾಜನ ಊಟ ಗುಲಾಮರಿಗೆ ಬಡಿಸ್ತಾರೇನೋ? ಹೋಗು, ಕೋಳಿ ಹಿಕ್ಕೆ ಬಾಚ್ಕೊಂಡು ಬಾ," ಎಂದಿದ್ದ ಬಯುವೊ. ಎಲ್ಲರೂ ನಕ್ಕರು, ಅಕೊಲ್ಗೊನೂ ನಕ್ಕ. ಬಯುವೊ ಮಾತ್ರ ಅದನ್ನು ತಮಾಷೆಗೆ ಹೇಳಿರಲಿಲ್ಲ. ಒಂದು ಬುಟ್ಟಿಯನ್ನೂ ಕೊಡಲಿಲ್ಲ, ಮಿಕ್ಕಿದ್ದನ್ನು ತಗಡು ಮುಚ್ಚಿ ಕಲ್ಲು ಹೇರಿ ಇಟ್ಟ. ಅಕೊಲ್ಗೊ ನಿಜಕ್ಕೂ ಹೋಗಿ ಕೋಳಿ ಫಾರಂಗಳ ಹಿಕ್ಕೆ ಹೊತ್ತು ತಂದ. ಹಿಕ್ಕೆ ಹಾಕಿದವನ ಸೊಪ್ಪು ಹೊಳೆಯಿತು, ಕಪ್ಪು ಮಣ್ಣು ಹಾಕಿದವನ ಸೊಪ್ಪು ಸೊರಗಿತು. ಇವನು ಏನೋ ಮಾಟ ಮಾಡಿಸಿದ್ದಾನೆ ಎಂದು ಬಯುವೊ ಒಳಗೊಳಗೇ ತೀರ್ಮಾನ ಮಾಡಿಕೊಂಡ. ಗೇಲಿಯ ನಂಟಿನಲ್ಲಿ ಇದೊಂದು ಅನುಕೂಲ ಇತ್ತು. ಎದೆಯ ನಂಜನ್ನೆಲ್ಲ ಬೈಗುಳ ಮಾಡಿ ಮುಖಕ್ಕೇ ಎರಚಿದರೂ ಎದುರಿಗಿದ್ದವನು ನಗುತ್ತಲೇ ಇರುತ್ತಿದ್ದ.

ಈ ಸಲದ ಮಳೆಗೆ ಮುಂಚೆ ನೆಂಟರೊಬ್ಬರ ಸಾವಿಗೆಂದು ಹೋದ ಬಯುವೊ ಮೂರು ದಿನ ಬಿಟ್ಟು ಭಾನುವಾರ ಹಿಂತಿರುಗಿದ. ಎಲ್ಲರೂ ಚರ್ಚಿಗೆ ಹೋಗಿದ್ದರು. ಹೊಲದಲ್ಲಿ ನರಪಿಳ್ಳೆ ಇರಲಿಲ್ಲ. ಅಕೊಲ್ಗೊನ ಮೂರು ಮಡಿಗಳಲ್ಲಿ ಹೊಸ ಕೋಲುಗಳು, ತಲೆಗೆ ಬೆಳ್ಳಗಿನ ಬಟ್ಟೆ. ತನ್ನ ಮೂರು ಮಡಿಗಳಲ್ಲೂ ಕೋಲು ಇದ್ದವು. ಬಟ್ಟೆ ನೀಲಿ.

ಹಂದಿಗೆ! ತನ್ನ ಸೊಪ್ಪು ಹಂದಿಗೆ! ಅದೂ ತಾನು ಊರಲ್ಲಿಲ್ಲದಾಗ, ಒಂದು ಮಾತು ಕೇಳದೆ! ಬಯುವೊ ನಿಂತಲ್ಲೇ ಬೆವತುಹೋದ. ಮೂವತ್ತೆರಡು ವರ್ಷ ಈ ನೆಲ ಕೆರೆದವನಿಗೆ ನೀಲಿ, ನಿನ್ನೆ ಮೊನ್ನೆ ಬಂದವನಿಗೆ ಬಿಳಿ. ಅತ್ತ ಇತ್ತ ನೋಡಿದ. ಬಿಳಿ ಕೋಲು ಮೂರನ್ನೂ ಕಿತ್ತು ತಂದು ತನ್ನ ಮಡಿಗಳಲ್ಲಿ ನೆಟ್ಟ. ನೀಲಿ ಮೂರನ್ನೂ ಒಯ್ದು ಅಕೊಲ್ಗೊನ ಮಡಿಗಳಲ್ಲಿ, ಅವೇ ತೂತುಗಳಲ್ಲಿ, ನೆಟ್ಟ. ಕಾಲಿನಿಂದ ಮಣ್ಣು ಸರಿಪಡಿಸಿದ. ಆಮೇಲೆ ಚರ್ಚಿಗೆ ಹೋಗಿ ಕೊನೆಯ ಹಾಡಿಗೆ ದನಿಗೂಡಿಸಿದ.

ಮರುದಿನ ಬಂದದ್ದು ಕೊಶಿಯಕ್ಕನೂ ಅಲ್ಲ, ಅವಳ ಕಡೆಯವರೂ ಅಲ್ಲ. ದಪ್ಪ ಮೀಸೆಯ ಒಬ್ಬ ಮನುಷ್ಯ ಐಸು ತುಂಬಿದ ಪೆಟ್ಟಿಗೆ ಹಿಡಿದು ಬಂದ, ಕೋಲಿದ್ದ ಮಡಿಗಳಿಂದ ನಾಲ್ಕು ನಾಲ್ಕು ಗಿಡ ಬೇರು ಸಮೇತ ಕಿತ್ತ, ಮಣ್ಣನ್ನೂ ತುಂಬಿಕೊಂಡ.

"ಯಾರೋ ಇವನು?" ಎಂದ ಬಯುವೊ.

"ಯೂನಿವರ್ಸಿಟಿಯವನು. ಶುಕ್ರವಾರ ಸೆನಾಮ್ ಅಂತ ಒಬ್ಬಳು ಮೇಡಂ ಬಂದಿದ್ದಳು, ಪಾಪ ಒಳ್ಳೆ ಹುಡುಗಿ. ಇವತ್ತು ಜ್ವರವಂತೆ, ಲ್ಯಾಬಿನವನನ್ನ ಕಳಿಸಿದಾಳೆ," ಎಂದ ಅಕೊಲ್ಗೊ ಕ್ಯಾನು ಕೆಳಗಿಡುತ್ತಾ. "ಸೊಪ್ಪಿನೊಳಗೆ ಪ್ಲಾಸ್ಟಿಕ್ ಹೋಗಿದೆಯಾ ಅಂತ ನೋಡ್ತಾಳಂತೆ. ನಿನ್ನ ಮಡೀಲೂ ನೆಟ್ಕೋ ತಾಯಿ, ಆ ಮುದುಕ ನನ್ನ ಗುಲಾಮ, ಅವನದೆಲ್ಲಾ ನಂದೇ ಅಂದೆ. ಕೋಲಿಗೆ ಕಟ್ಟೋಕೆ ಪ್ಲಾಸ್ಟಿಕ್ ದಾರ ಆಗಲ್ಲ, ಪರೀಕ್ಷೆ ಕೆಡುತ್ತೆ ಅಂತ ಹಳೇ ಬಟ್ಟೆ ಹರಿದು ಕಟ್ಟಿದಳು."

"ಬಣ್ಣ ಯಾಕೆ ಬೇರೆ ಬೇರೆ?"

"ನಿಂದ್ಯಾವುದು ನಂದ್ಯಾವುದು ಅಂತ ಗುರುತಿಗೆ. ನಂದು ಯಾವುದು ಅಂದಳೋ ಮರೆತೇಹೋಯ್ತು. ನಿನ್ನ ಥರ ಬಟ್ಟೆ ನೋಡ್ಕೊಂಡು ಕೂತ್ಕೊಳ್ಳೋಕೆ ನಂಗೆ ಪುರುಸೊತ್ತೆಲ್ಲಿದೆಯೋ ಗುಲಾಮ?"

ಆಗಲೇ ಹೇಳಿಬಿಡಬಹುದಿತ್ತು. ಮೀಸೆಯವನು ಇನ್ನೂ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದ. ಆದರೆ ಕೋಲು ಕಿತ್ತೆ ಎಂದರೆ ಯಾಕೆ ಕಿತ್ತೆ ಎಂದು ಹೇಳಬೇಕು, ಯಾಕೆ ಎಂದರೆ ಎರಡು ವರ್ಷದ ಉರಿಯೆಲ್ಲ ಹೊರಗೆ ಬೀಳಬೇಕು. ಬಯುವೊ ಕ್ಯಾನೆತ್ತಿಕೊಂಡು ಹೊಂಡಕ್ಕಿಳಿದ.

ನಾಲ್ಕು ತಿಂಗಳಾದ ಮೇಲೆ ಸೆನಾಮ್ ಬಂದಳು. ಹೊಲದಂಚಿನ ಬೇವಿನ ಮರದ ಕೆಳಗೆ ಅಂದು ಕೊಶಿಯಕ್ಕನೂ ಕೂತು ಮೀನು ನಂಜಿಕೊಂಡು ಕೆಂಕೆ ಎಂಬ ಮೆಕ್ಕೆಜೋಳದ ಹುಳಿ ಮುದ್ದೆ ತಿನ್ನುತ್ತಿದ್ದಳು. ಎದ್ದು ಹೋಗು ಎಂದು ಅವಳಿಗೆ ಹೇಳುವವರು ಯಾರು? ಸೆನಾಮ್ ಫೋನಿನಲ್ಲಿ ಬೇರಿನ ಚಿತ್ರ ತೋರಿಸಿದಳು. ಕಪ್ಪು ಹಿನ್ನೆಲೆಯಲ್ಲಿ ಬೇರಿನ ಉದ್ದಕ್ಕೂ ಹಸಿರು ಚುಕ್ಕಿಗಳು ಮಿನುಗುತ್ತಿದ್ದವು.

"ಇವೆಲ್ಲಾ ಪ್ಲಾಸ್ಟಿಕ್. ಬಿಸಿಲಿಗೆ, ಗುದ್ದಲಿಗೆ ಸಿಕ್ಕಿ ಒಡೆದೂ ಒಡೆದೂ ಕಣ್ಣಿಗೆ ಕಾಣದಷ್ಟು ಸಣ್ಣದಾಗಿದೆ," ಎಂದಳು. "ಪಕ್ಕದ ಬೇರು ಹೊಸದಾಗಿ ಹೊರಗೆ ಬರೋವಾಗ ಸಿಪ್ಪೆ ಬಿರುಕು ಬಿಡುತ್ತಲ್ಲ, ಅಲ್ಲಿಂದ ಒಳಗೆ ಹೋಗುತ್ತೆ. ನೀರಿನ ಜೊತೆ ಎಲೆವರೆಗೂ ಏರುತ್ತೆ. ಆಗ ಗಿಡಕ್ಕೆ ಯಾರೋ ಶತ್ರು ನುಗ್ಗಿದ ಹಾಗೆ. ಜೀವಕೋಶದೊಳಗೆ ಉರಿ ಏಳುತ್ತೆ. ಆ ಉರಿ ಆರಿಸೋ ರಸಗಳನ್ನ ತಯಾರು ಮಾಡೋದ್ರಲ್ಲೇ ಅದರ ಶಕ್ತಿಯೆಲ್ಲಾ ಹೋಗುತ್ತೆ. ಬೆಳೀಬೇಕು ಅನ್ನೋ ಜೀನುಗಳು ಸುಮ್ಮನಾಗ್ತವೆ, ಹೊಡೆದಾಡಬೇಕು ಅನ್ನೋ ಜೀನುಗಳು ಎಚ್ಚರಾಗ್ತವೆ. ಬೇರಿಂದ ಕಬ್ಬಿಣದ ಅಂಶ ಸರಿಯಾಗಿ ಮೇಲಕ್ಕೆ ಬರಲ್ಲ. ಎಲೇಲಿ ಹಸಿರು ಕಟ್ಟಲ್ಲ."

ಬೆಳೆಯುವ ಕೆಲಸ ಬಿಟ್ಟು ಒಳಗೊಳಗೇ ಉರಿದುಕೊಂಡು ಬಿಳಿಚಿಕೊಳ್ಳುವುದು ಏನೆಂದು ಬಯುವೊನಿಗೆ ಚಿತ್ರ ತೋರಿಸಿ ಹೇಳಬೇಕಿರಲಿಲ್ಲ.

"ಎರಡು ಕಡೆನೂ ಇದೆ, ನೀರು ಒಂದೇ ಅಲ್ವಾ. ಆದ್ರೆ ಬಿಳಿ ಕೋಲಿನ ಮಣ್ಣಲ್ಲಿ ಇನ್ನೊಂದರ ಹತ್ತರಷ್ಟು ಸಿಕ್ಕಿದೆ." ಸೆನಾಮ್ ಪುಸ್ತಕ ನೋಡಿದಳು, ಹುಬ್ಬು ಗಂಟಿಕ್ಕಿದಳು. "ಬಿಳಿ ಅಂದ್ರೆ ಅಕೊಲ್ಗೊ ಅವರದು. ನಂಗೂ ಆಶ್ಚರ್ಯ ಆಯ್ತು. ಇನ್ನೊಂದು ಸಲ ಪರೀಕ್ಷೆ ಮಾಡಬೇಕು."

"ತಿಂದವರಿಗೆ ಏನಾಗುತ್ತೆ?" ಕೊಶಿಯಕ್ಕ ಕೈ ತೊಳೆಯದೆಯೇ ಕೇಳಿದಳು.

"ಅದು ಇನ್ನೂ ಗೊತ್ತಿಲ್ಲ ಅಕ್ಕ."

"ಗೊತ್ತಿಲ್ಲ ಅಂದ್ರೆ ನಂಗೆ ಅಷ್ಟು ಸಾಕು," ಎಂದು ಕೊಶಿಯಕ್ಕ ಎದ್ದಳು. ನೇರ ಅಕೊಲ್ಗೊನ ಮಡಿಗಳಿಗೆ ಹೋಗಿ ತನ್ನ ಬಿಳಿ ಬಟ್ಟೆಗಳನ್ನೆಲ್ಲ ಬಿಚ್ಚಿದಳು. ಬರುವಾಗ ಬಯುವೊನ ಮಡಿಗಳಿಗೆ ಕಟ್ಟಿದಳು. "ಬಿಳಿಚ್ಕೊಂಡಿದ್ರೂ ಪರವಾಗಿಲ್ಲ ಬಯುವೊ, ನಿಂದು ಶುದ್ಧವಾಗಿದೆಯಂತೆ."

ಎರಡು ವಾರ ಬಯುವೊ ಎದೆ ಎತ್ತಿ ನಡೆದ. ಸುಳ್ಳೇಕೆ, ಬಹಳ ಖುಷಿಯಾಯಿತು. ಅಕೊಲ್ಗೊನ ಹಸಿರು ಸೊಪ್ಪು ಕೇಳುವವರಿಲ್ಲದೆ ಹೂಗೊಂಚಲು ಬಿಟ್ಟು ಕಹಿಯಾಗುವುದನ್ನು ದಿನಾ ಬೆಳಗ್ಗೆ ನೋಡಿ, ಆಮೇಲೆ ಗಂಜಿಗೆ ಕೂರುತ್ತಿದ್ದ. ಮಣ್ಣಿನ ಮಾತು ಮಾತ್ರ ಅವನನ್ನು ಬಿಡಲಿಲ್ಲ. ಹತ್ತರಷ್ಟು. ತಗಡಿನ ಕೆಳಗಿನ ಕಪ್ಪು ಗುಡ್ಡೆಯಲ್ಲಿ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದ. ಚೂರುಪಾರು ನೀಲಿ, ಚೂರುಪಾರು ಬಿಳಿ, ಪ್ಯಾಕೆಟ್ಟಿನ ಮೇಲಿನ ಅಕ್ಷರದ ಅರ್ಧ. ಇವನ್ನು ಆರು ವರ್ಷದಿಂದ ನೋಡುತ್ತಲೇ ಇದ್ದ. ಗುಲಾಮನಿಗೆ ಒಂದು ಬುಟ್ಟಿ ಕೊಡದೆ ಅಷ್ಟನ್ನೂ ತನ್ನ ನೆಲಕ್ಕೇ ತಿನ್ನಿಸಿದ್ದ. ಮಾಟ ಮಾಡಿದವರು ಯಾರೂ ಇರಲಿಲ್ಲ. ಕೈಯೊದರಿ ತಗಡು ಮುಚ್ಚಿದ.

ಶನಿವಾರ ಬೆಳಗ್ಗೆ ಅಕೊಲ್ಗೊ ಬುಟ್ಟಿ ಹಿಡಿದು ಬಂದ. ಅವನ ಎರಡು ಮಡಿಗಳು ಮೊಣಕಾಲುದ್ದ ಬಗೆದುಹೋಗಿದ್ದವು. ಆರು ವರ್ಷ ಕೋಳಿ ಗೊಬ್ಬರ ಉಣ್ಣಿಸಿ ಹದ ಮಾಡಿದ ಮೆತ್ತನೆಯ ಮಣ್ಣು ಮೋರಿಯ ದಂಡೆಯ ಮೇಲೆ ರಾಶಿ ಬಿದ್ದಿತ್ತು.

"ಏನೋ ಇದು?" ಎಂದ ಬಯುವೊ.

"ಕೆಟ್ಟ ಮಣ್ಣು ಇಟ್ಕೊಂಡು ಏನು ಮಾಡ್ಲೋ? ರಾತ್ರಿಯಿಡೀ ಬಗೀತಾ ಇದ್ದೆ. ಎಲ್ಲಾ ತೆಗೆದು ಹಾಕ್ತೀನಿ." ಅಕೊಲ್ಗೊ ಬೆವರು ಒರೆಸಿಕೊಂಡ. ನಗುತ್ತಿದ್ದ, ಆದರೆ ಕಣ್ಣು ಗುಳಿ ಬಿದ್ದಿದ್ದವು. "ಈಗಲಾದ್ರೂ ರಾಜನ ಊಟ ಬಡಿಸೋ ಗುಲಾಮ. ನಿನ್ನ ಕಪ್ಪು ಮಣ್ಣು ಕೊಡು. ಇನ್ನು ಎಷ್ಟು ದಿನ ಅಂತ ಕೋಳಿ ಹಿಕ್ಕೆ ಬಾಚ್ಲಿ?"

ಬಯುವೊ ತಗಡಿನ ಕಡೆ ನೋಡಿದ. ಅಕೊಲ್ಗೊ ಅದನ್ನೇ ಒಪ್ಪಿಗೆ ಎಂದುಕೊಂಡು ಕಲ್ಲು ಸರಿಸಿ, ತಗಡು ಎತ್ತಿ, ಬುಟ್ಟಿ ತುಂಬಿದ. ತಲೆಯ ಮೇಲಿಟ್ಟುಕೊಂಡು ಹೋಗಿ ಬಗೆದ ಮಡಿಗೆ ಸುರಿದ. ಎರಡನೆಯ ಬುಟ್ಟಿ ತುಂಬಿದ. ಸುರಿದ. ಮೂರನೆಯದಕ್ಕೆ ಬಂದಾಗ ಸಣ್ಣಗೆ ಹಾಡಿಕೊಳ್ಳುತ್ತಿದ್ದ. ಸುಮ್ಮನಿದ್ದರೆ ಸಾಕಿತ್ತು. ಒಂದು ವರ್ಷದೊಳಗೆ ಅಕೊಲ್ಗೊನ ಸೊಪ್ಪೂ ಹಳದಿ ತಿರುಗುತ್ತಿತ್ತು, ಇನ್ನು ಯಾರ ಮೇಲೂ ಹೊಟ್ಟೆ ಉರಿಯುವ ಅಗತ್ಯವೇ ಇರುತ್ತಿರಲಿಲ್ಲ.

"ಆ ಕೋಲು ಬದಲಾಯಿಸಿದ್ದು ನಾನು," ಎಂದ ಬಯುವೊ.

"ಯಾವ ಕೋಲು?"

"ಯೂನಿವರ್ಸಿಟಿಯವಳದ್ದು. ಬಿಳಿ ನಿಂದಿತ್ತು, ನಾನು ಕಿತ್ತು ನನ್ನ ಮಡೀಲಿ ನೆಟ್ಟೆ. ಪ್ಲಾಸ್ಟಿಕ್ ಇರೋದು ನನ್ನ ಮಣ್ಣಲ್ಲಿ. ನೀನು ಹೊರ್ತಾ ಇದೀಯಲ್ಲ, ಇದರಲ್ಲಿ."

ಅಕೊಲ್ಗೊ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಕೊಶಿಯಕ್ಕಾ! ಕೇಳಿದ್ರಾ? ಈ ನಾಯಿ ತಲೆ ಕಳ್ಳ ಈಗ ನನ್ನ ಪ್ಲಾಸ್ಟಿಕ್ಕೂ ತನ್ನದೇ ಅಂತಾನೆ! ಲೋ, ನನ್ನ ಕಾಯಿಲೆ ಕಂಡ್ರೂ ನಿಂಗೆ ಹೊಟ್ಟೆಕಿಚ್ಚೇನೋ?" ಮಡಿ ನೋಡಲು ಬಂದಿದ್ದ ಕೊಶಿಯಕ್ಕ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಳು. ಆಚೆ ಮಡಿಯವರೂ ನಕ್ಕರು. "ಮಣ್ಣು ಕೊಡೋ ಮನಸ್ಸಿಲ್ಲ ಅನ್ನೋಕೆ ಎಷ್ಟು ದೊಡ್ಡ ಕತೆ ಕಟ್ಟಿದ ನೋಡ್ರಪ್ಪಾ ಜಿಪುಣ!"

"ತಮಾಷೆ ಅಲ್ಲ ಕಣೋ."

"ಗುಲಾಮರು ಯಾವತ್ತಾದ್ರೂ ನಿಜ ಹೇಳಿದ್ದುಂಟಾ?" ಅಕೊಲ್ಗೊ ಬುಟ್ಟಿಯನ್ನು ಮತ್ತೆ ತಲೆಗೇರಿಸಿದ. ನಗು ಇನ್ನೂ ಮುಗಿದಿರಲಿಲ್ಲ, ಹೆಗಲು ಕುಣಿಯುತ್ತಿತ್ತು. ಎರಡು ಹೆಜ್ಜೆ ಹೋದ.

"ಅಕೊಲ್ಗೊ," ಎಂದ ಬಯುವೊ.

ಹೋಗುತ್ತಿದ್ದವನು ನಿಂತ. ತಿರುಗಲಿಲ್ಲ. ಹನ್ನೆರಡು ವರ್ಷದಲ್ಲಿ ಆ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಮಡಿಗಳ ನಡುವಿನ ನಗು ಒಬ್ಬೊಬ್ಬರದಾಗಿ ನಿಂತಿತು. ಬುಟ್ಟಿಯಿಂದ ಕಪ್ಪು ಮಣ್ಣು ಅವನ ಕುತ್ತಿಗೆಯ ಮೇಲೆ ಸಣ್ಣಗೆ ಉದುರುತ್ತಿತ್ತು.

"ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು," ಎಂದ ಬಯುವೊ. "ಆರು ವರ್ಷದ ಹಿಂದೆ ಮಣ್ಣು ಕೊಡ್ಲಿಲ್ಲವಲ್ಲ, ಅದೂ ತಮಾಷೆ ಆಗಿರ್ಲಿಲ್ಲ."

ಅಕೊಲ್ಗೊ ಬುಟ್ಟಿ ಇಳಿಸಿದ. ತಂದು ತಗಡಿನ ಪಕ್ಕ ಬಗ್ಗಿಸಿ ಸುರಿದ, ಬುಟ್ಟಿಯ ತಳ ಎರಡು ಸಲ ತಟ್ಟಿ ಖಾಲಿ ಮಾಡಿದ. ಬಗೆದ ಮಡಿಗೆ ಹೋಗಿ ಮೊದಲೆರಡು ಬುಟ್ಟಿಯ ಮಣ್ಣನ್ನು ಕೈಯಿಂದಲೇ ಬಾಚಿ ತೆಗೆಯತೊಡಗಿದ. ಒಂದು ಬೈಗುಳ ಇಲ್ಲ. ಬೈಯುತ್ತಾನೆ, ಬೈಯಲಿ ಎಂದು ಬಯುವೊ ಕಾದ. ಕೊಶಿಯಕ್ಕ ತನ್ನ ಬಿಳಿ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು.

ವಿಷಯ ತಿಳಿದ ಸೆನಾಮ್ ಬಂದು ಪುಸ್ತಕದ ಒಂದು ಪುಟಕ್ಕೆ ಅಡ್ಡಗೀಟು ಎಳೆದಳು, ಮತ್ತೆ ಗಿಡ ಕಿತ್ತು ಒಯ್ದಳು. ಈ ಸಲ ತಾನೇ ನಿಂತು ಕಿತ್ತಳು. ಅಕೊಲ್ಗೊ ದಂಡೆಯ ಮೇಲಿನ ತನ್ನ ಮಣ್ಣನ್ನು ಹೊತ್ತು ತಂದು ಮಡಿ ಕಟ್ಟಿದ. ಬಯುವೊ ಬುಟ್ಟಿ ಹಿಡಿದು ಹೋದ. "ಬಿಡಿ, ನಾನೇ ಮಾಡ್ಕೋತೀನಿ," ಎಂದ ಅಕೊಲ್ಗೊ. ಬಿಡಿ! ಬಹುವಚನ! ಬಯುವೊ ಹಿಂತಿರುಗಿ ತನ್ನ ಕಪ್ಪು ಮಣ್ಣು ಬಗೆಯಲು ಕೂತ. ಅದು ಎಷ್ಟು ಬಗೆದರೂ ಮುಗಿಯುವಂತಿರಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಅಕೊಲ್ಗೊ ಹಿರಿಯರಿಗೆ ಮಾಡುವಂತೆ ಮಂಡಿ ಬಗ್ಗಿಸಿ ವಂದಿಸುತ್ತಿದ್ದ. "ಚೆನ್ನಾಗಿ ನಿದ್ದೆ ಬಂತಾ ಹಿರಿಯರೇ? ಆರೋಗ್ಯವಾಗಿದ್ದೀರಾ?" ಅಷ್ಟು ಮರ್ಯಾದೆಯನ್ನು ಬಯುವೊ ಜನ್ಮದಲ್ಲಿ ಕಂಡಿರಲಿಲ್ಲ. "ಆರೋಗ್ಯ ಇಲ್ಲ ಕಣೋ ಗುಲಾಮ, ನಾಯಿ ತಲೆ ಕಳ್ಳ," ಎಂದು ಒಂದೆರಡು ಸಲ ಪ್ರಯತ್ನಿಸಿ ನೋಡಿದ. ಅಕೊಲ್ಗೊ ತಲೆ ತಗ್ಗಿಸಿ, "ಸರಿ ಹಿರಿಯರೇ," ಎಂದು ಕ್ಯಾನು ಎತ್ತಿಕೊಂಡು ಹೋದ. ಅವನ ಸೊಪ್ಪು ಮತ್ತೆ ಬಂತು, ಕೊಶಿಯಕ್ಕನ ಬಿಳಿ ಬಟ್ಟೆಯೂ ಬಂತು. ವಿಚಿತ್ರವೆಂದರೆ ಅದನ್ನು ನೋಡಿ ಬಯುವೊನ ಹೊಟ್ಟೆಯಲ್ಲಿ ಏನೂ ಆಗಲಿಲ್ಲ.

ಆದದ್ದು ಒಂದು ಭಾನುವಾರ, ಪೀಟೊ ಮನೆಯಲ್ಲಿ. ಚರ್ಚು ಮುಗಿಸಿ ಉತ್ತರದವರೆಲ್ಲ ಜೋಳದ ಬಿಯರು ಕುಡಿಯಲು ಸೇರುವ ಜಾಗ ಅದು. ಬಯುವೊ ಮೂಲೆಯಲ್ಲಿ ಬಿಯರು ತುಂಬಿದ ಸೋರೆ ಬುರುಡೆ ಹಿಡಿದು ಕೂತಿದ್ದ. ಅಕೊಲ್ಗೊ ಒಳಗೆ ಬಂದ, ಅವನಿಗೆ ಮಂಡಿ ಬಗ್ಗಿಸಿ ವಂದಿಸಿದ, ಆಚೆ ಬೆಂಚಿಗೆ ಹೋಗಿ ಬಡಗಿ ಜಿಯೆಮ್‌ನ ಪಕ್ಕ ಕೂತ. ಜಿಯೆಮ್ ದಗಾಬ, ಬಯುವೊನ ಪಕ್ಕದ ಊರಿನವನು, ಇಲ್ಲಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಅಕೊಲ್ಗೊ ಅವನ ಬುರುಡೆ ಕಿತ್ತುಕೊಂಡು ಗಟಗಟ ಕುಡಿದು ಬಾಯಿ ಒರೆಸಿಕೊಂಡ.

"ಲೇ ಗುಲಾಮ! ನೀನು ಸತ್ತ ದಿನ ನಿನ್ನ ಪೆಟ್ಟಿಗೆ ಮೇಲೆ ಹತ್ತಿ ಕೂತ್ಕೋತೀನಿ ಕಣೋ. ನಾಯಿ ತಲೆ ತಂದು ಕೊಡೋವರೆಗೂ ಹೂಳೋಕೆ ಬಿಡಲ್ಲ!"

ಇಡೀ ಮನೆ ನಗೆಯಲ್ಲಿ ಮುಳುಗಿತು. ಬಯುವೊ ಬುರುಡೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಆ ಬಡಗಿಯನ್ನೇ ನೋಡಿದ. ಅಕೊಲ್ಗೊನ ಸೊಪ್ಪು ಎಷ್ಟು ಹಸಿರಾಗಿದ್ದಾಗಲೂ ಅವನ ಹೊಟ್ಟೆ ಹೀಗೆ ಉರಿದಿರಲಿಲ್ಲ.